ಪುಟ್ಟ ಉಪಗ್ರಹಕ್ಕೆ ಕಾಂತೀಯ ಭಂಗಿ ನಿಯಂತ್ರಣ: ಸುರುಳಿ ಸುತ್ತುವುದರಿಂದ ಕಕ್ಷೆಯ ಮೊದಲ ದಿನದವರೆಗೆ

1960ರ ಏಪ್ರಿಲ್ 1ರಂದು ಹಾರಿದ ಟೈರೋಸ್-1 ಹವಾಮಾನ ಉಪಗ್ರಹದ ಭ್ರಮಣ ಅಕ್ಷವು ಅಂದುಕೊಂಡ ಕಡೆ ನಿಲ್ಲದೆ ನಿಧಾನವಾಗಿ ಸರಿಯತೊಡಗಿತು. ಉಪಗ್ರಹ ತಾನೇ ಒಂದು ದುರ್ಬಲ ಅಯಸ್ಕಾಂತದಂತೆ ವರ್ತಿಸುತ್ತಿತ್ತು. ಭೂಮಿಯ ಕಾಂತಕ್ಷೇತ್ರ ಅದನ್ನು ಹಿಡಿದು ತಿರುಗಿಸುತ್ತಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಹೋದ ಟೈರೋಸ್-2ರಲ್ಲಿ ಎಂಜಿನಿಯರುಗಳು ಒಂದು ತಂತಿ ಸುರುಳಿಯನ್ನು ಅಳವಡಿಸಿ, ಕಾಟ ಕೊಟ್ಟ ಬಲವನ್ನೇ ಕೆಲಸಕ್ಕೆ ಹಚ್ಚಿದರು. ಇಂದು ಕ್ಯೂಬ್‌ಸ್ಯಾಟ್ ಎಂಬ ಪೆಟ್ಟಿಗೆಯಾಕಾರದ ಪುಟ್ಟ ಉಪಗ್ರಹ ಕಟ್ಟುವ ಪ್ರತಿಯೊಂದು ತಂಡವೂ ಈ ಎರಡೂ ಮುಖಗಳನ್ನು ಎದುರಿಸುತ್ತದೆ.

ಸುರುಳಿಗಳಿಂದ ಉಪಗ್ರಹದ ಭಂಗಿಯನ್ನು, ಅಂದರೆ ಅದು ಮುಖಮಾಡುವ ದಿಕ್ಕನ್ನು, ಹಿಡಿತದಲ್ಲಿಡುವ ಗಣಿತ ಕಷ್ಟದ್ದಲ್ಲ. ನಿಯಂತ್ರಣ ಸೂತ್ರ ಪ್ರೋಗ್ರಾಮಿನಲ್ಲಿ ನಾಲ್ಕೈದು ಸಾಲು. ತಂಡಗಳು ಎಡವುವುದು ಬೇರೆ ಕಡೆ: ಪ್ಲಸ್–ಮೈನಸ್ ಚಿಹ್ನೆಗಳಲ್ಲಿ, ಅಳತೆಗೂ ಕ್ರಿಯೆಗೂ ನಡುವಿನ ಸಮಯ ಹೊಂದಾಣಿಕೆಯಲ್ಲಿ, ಮತ್ತು ತಮ್ಮ ಉಪಗ್ರಹದ ಒಡಲಲ್ಲೇ ಅಡಗಿರುವ ಕಾಂತತ್ವವನ್ನು ಅಳೆಯದೆ ಬಿಡುವುದರಲ್ಲಿ. ಈ ಮಾರ್ಗದರ್ಶಿ ಆ ಮೂರಕ್ಕೆ ಹೆಚ್ಚು ಜಾಗ ಕೊಡುತ್ತದೆ. ಉದಾಹರಣೆಗೆ ಉದ್ದಕ್ಕೂ ಒಂದೇ ಉಪಗ್ರಹವನ್ನು ಇಟ್ಟುಕೊಳ್ಳೋಣ: 4 ಕಿಲೋಗ್ರಾಂ ತೂಕದ, 10 × 10 × 34 ಸೆಂಟಿಮೀಟರ್ ಅಳತೆಯ ಮೂರು ಘಟಕಗಳ ಕ್ಯೂಬ್‌ಸ್ಯಾಟ್, 500 ಕಿಲೋಮೀಟರ್ ಎತ್ತರದಲ್ಲಿ.

ಹಂತ 1: ಕಕ್ಷೆ ಏನನ್ನು ಕೊಡುತ್ತದೆ ನೋಡಿ

ಸುರುಳಿಯಲ್ಲಿ ವಿದ್ಯುತ್ ಹರಿಸಿದರೆ ಕಾಂತೀಯ ಭ್ರಾಮಕ (ಅಯಸ್ಕಾಂತವಾಗಿ ಅದರ ಶಕ್ತಿ ಮತ್ತು ದಿಕ್ಕು) ಹುಟ್ಟುತ್ತದೆ. ಅದರ ಮತ್ತು ಭೂಕ್ಷೇತ್ರದ ಸದಿಶ ಗುಣಲಬ್ಧವೇ ನಿಮಗೆ ಸಿಗುವ ಟಾರ್ಕ್, ಅಂದರೆ ತಿರುಗಿಸುವ ಬಲ. ಸದಿಶ ಗುಣಲಬ್ಧವಾದ್ದರಿಂದ ಟಾರ್ಕ್ ಯಾವಾಗಲೂ ಕ್ಷೇತ್ರಕ್ಕೆ ಲಂಬವಾಗಿಯೇ ಇರುತ್ತದೆ. ಮೂರು ಸುರುಳಿಗಳಿದ್ದರೂ ಒಂದು ಕ್ಷಣದಲ್ಲಿ ಎರಡು ದಿಕ್ಕುಗಳಲ್ಲಿ ಮಾತ್ರ ತಿರುಗಿಸಬಹುದು. ಕ್ಷೇತ್ರರೇಖೆಯ ಸುತ್ತ ತಿರುಗಿಸಲು ಆ ಕ್ಷಣಕ್ಕೆ ಸಾಧ್ಯವೇ ಇಲ್ಲ. ಉಪಗ್ರಹ ಕಕ್ಷೆಯಲ್ಲಿ ಮುಂದೆ ಸಾಗಿದಂತೆ ಕ್ಷೇತ್ರದ ದಿಕ್ಕು ಬದಲಾಗುವುದರಿಂದ, ಈಗ ಸಿಗದಿದ್ದ ಅಕ್ಷ ಸ್ವಲ್ಪ ಹೊತ್ತಿನ ನಂತರ ಸಿಗುತ್ತದೆ. ಇಡೀ ವಿಧಾನ ನಿಂತಿರುವುದು ಈ ಕಾಯುವಿಕೆಯ ಮೇಲೆ.

ಧ್ರುವೀಯ ಕಕ್ಷೆ ಇದಕ್ಕೆ ಒಳ್ಳೆಯದು. ಸಮಭಾಜಕದ ಮೇಲೆ ಕ್ಷೇತ್ರ ಉತ್ತರಕ್ಕೆ, ಅಂದರೆ ಸರಿಸುಮಾರು ಉಪಗ್ರಹದ ಪಥದ ಗುಂಟ ಇರುತ್ತದೆ. ಅಲ್ಲಿ ಪಥದ ಸುತ್ತಲಿನ ಉರುಳುವಿಕೆ ಕೈಗೆ ಸಿಗದು. ಧ್ರುವಗಳ ಮೇಲೆ ಕ್ಷೇತ್ರ ನೆಟ್ಟಗೆ ಲಂಬವಾಗಿರುತ್ತದೆ. ಅಲ್ಲಿ ಲಂಬಾಕ್ಷದ ತಿರುವು ಕೈಗೆ ಸಿಗದು. ಒಂದು ಸುತ್ತಿನಲ್ಲಿ ಕ್ಷೇತ್ರ ಎರಡು ಬಾರಿ ಪೂರ್ತಿ ತಿರುಗುವುದರಿಂದ ಎರಡಕ್ಕೂ ಸರದಿ ಬರುತ್ತದೆ. ಸಮಭಾಜಕಕ್ಕೆ ಹತ್ತಿರದ ಕಕ್ಷೆಯಲ್ಲಿ ಕ್ಷೇತ್ರ ಸದಾ ಕಕ್ಷಾತಲಕ್ಕೆ ಹೆಚ್ಚುಕಡಿಮೆ ಲಂಬವಾಗಿರುತ್ತದೆ. ಆ ಅಕ್ಷದ ಸುತ್ತಲಿನ ತಿರುಗುವಿಕೆಯನ್ನು ಕಾಂತ ಸುರುಳಿಯಿಂದ ನಿಲ್ಲಿಸುವ ಆಸೆ ಬಿಡಿ. ಒಂದು ರಿಯಾಕ್ಷನ್ ವೀಲ್ ಅನ್ನಾದರೂ (ತಾನು ತಿರುಗಿ ಉಪಗ್ರಹವನ್ನು ವಿರುದ್ಧ ದಿಕ್ಕಿಗೆ ತಿರುಗಿಸುವ ಮೋಟಾರು ಚಕ್ರ) ಜೊತೆಗಿಡಿ.

500 ಕಿಲೋಮೀಟರ್ ಎತ್ತರದಲ್ಲಿ ಕ್ಷೇತ್ರದ ಪ್ರಮಾಣ ಸಮಭಾಜಕದ ಬಳಿ ಸುಮಾರು 25 ಮೈಕ್ರೊಟೆಸ್ಲಾ, ಧ್ರುವಗಳ ಬಳಿ ಅದರ ಎರಡರಷ್ಟು. ದಕ್ಷಿಣ ಅಟ್ಲಾಂಟಿಕ್ ಪ್ರದೇಶದ ಮೇಲೆ 20ಕ್ಕಿಂತಲೂ ಕೆಳಗಿಳಿಯುತ್ತದೆ. ಸರಾಸರಿ 30 ಎಂದು ಹಿಡಿದು ಲೆಕ್ಕ ಮಾಡಿದರೆ ಸಾಕು. ವಿನ್ಯಾಸ ಗಟ್ಟಿಯಾದ ಮೇಲೆ ಅಂತಾರಾಷ್ಟ್ರೀಯ ಭೂಕಾಂತೀಯ ಉಲ್ಲೇಖ ಮಾದರಿಯ ಇತ್ತೀಚಿನ ಗುಣಾಂಕಗಳನ್ನು ಬಳಸಿ ಸಿಮ್ಯುಲೇಶನ್ ಮಾಡಿ. ಹಳೆಯ ಆವೃತ್ತಿಯ ಗುಣಾಂಕ ಕಡತವನ್ನು ಹಾಗೆಯೇ ಎತ್ತಿಕೊಳ್ಳಬೇಡಿ, ಕ್ಷೇತ್ರ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ.

ಯಾವ ದಿಕ್ಕಿಗೂ ನಿಖರವಾಗಿ ನೋಡಬೇಕಾಗಿಲ್ಲ, ಉರುಳಾಟ ನಿಂತರೆ ಸಾಕು ಎನ್ನುವ ಯೋಜನೆಯಾದರೆ ಸುರುಳಿಯೂ ಬೇಡ. ಒಂದು ಶಾಶ್ವತ ಅಯಸ್ಕಾಂತ ಮತ್ತು ಚಲನಶಕ್ತಿಯನ್ನು ಶಾಖವಾಗಿ ಕರಗಿಸುವ ಹಿಸ್ಟರೆಸಿಸ್ ಕಡ್ಡಿಗಳು ಆ ಕೆಲಸ ಮಾಡುತ್ತವೆ. ಮಿಷಿಗನ್ ವಿಶ್ವವಿದ್ಯಾಲಯದ ರ‍್ಯಾಕ್ಸ್ ಉಪಗ್ರಹಗಳು ಹೀಗೆಯೇ ಹಾರಿದವು. ವಿದ್ಯುತ್ ಬೇಡ, ಪ್ರೋಗ್ರಾಂ ಬೇಡ. ಆದರೆ ಒಮ್ಮೆ ಹಾರಿದ ಮೇಲೆ ಮನಸ್ಸು ಬದಲಿಸುವಂತಿಲ್ಲ.

ಹಂತ 2: ಎದುರಾಳಿ ಟಾರ್ಕ್‌ಗಳನ್ನು ಲೆಕ್ಕ ಹಾಕಿ

ನಮ್ಮ ಉಪಗ್ರಹದ ಜಡತ್ವ ಭ್ರಾಮಕ ಉದ್ದದ ಅಕ್ಷದ ಸುತ್ತ ಸುಮಾರು 0.0067, ಅಡ್ಡ ಅಕ್ಷಗಳ ಸುತ್ತ ಸುಮಾರು 0.042 ಕಿಲೋಗ್ರಾಂ-ಚದರ ಮೀಟರ್. ಕಕ್ಷಾವಧಿ ಸುಮಾರು 94.6 ನಿಮಿಷ, ಅಂದರೆ ಕಕ್ಷಾ ಕೋನೀಯ ವೇಗ ಸೆಕೆಂಡಿಗೆ 0.0011 ರೇಡಿಯನ್.

ಭೂಮಿಗೆ ಹತ್ತಿರದ ತುದಿಯನ್ನು ಗುರುತ್ವ ತುಸು ಹೆಚ್ಚು ಎಳೆಯುವುದರಿಂದ ಬರುವ ಗುರುತ್ವ ವ್ಯತ್ಯಾಸದ ಟಾರ್ಕ್ ಗರಿಷ್ಠ 6 × 10⁻⁸ ನ್ಯೂಟನ್-ಮೀಟರ್ ಆಸುಪಾಸು. ವಾಯು ಘರ್ಷಣೆಯದು ಸೌರ ಚಟುವಟಿಕೆಯನ್ನು ಅವಲಂಬಿಸಿ ಏರಿಳಿದರೂ 10⁻⁸ರ ದರ್ಜೆಯಲ್ಲೇ ಇರುತ್ತದೆ. ಇನ್ನು ಸುರುಳಿಗಳು ನಿಂತಿರುವಾಗಲೂ ಉಪಗ್ರಹದ ಒಡಲಲ್ಲಿ ಇರುವ ಉಳಿಕೆ ಭ್ರಾಮಕ: ಅದು ಬರೀ 0.01 ಆಂಪಿಯರ್-ಚದರ ಮೀಟರ್ ಇದ್ದರೂ 40 ಮೈಕ್ರೊಟೆಸ್ಲಾ ಕ್ಷೇತ್ರದಲ್ಲಿ 4 × 10⁻⁷ ನ್ಯೂಟನ್-ಮೀಟರ್ ಆಗುತ್ತದೆ. ಉಳಿದೆರಡನ್ನೂ ಕೂಡಿಸಿದರೂ ಇದಕ್ಕೆ ಸಮವಾಗದು.

ಈ ಉಳಿಕೆ ಎಲ್ಲಿಂದ ಬರುತ್ತದೆ? ಸಿಲಿಂಡರ್ ಆಕಾರದ ಲಿಥಿಯಂ ಬ್ಯಾಟರಿಯ ಕವಚ ಉಕ್ಕಿನದು. ಮೋಟಾರು, ಸ್ಪ್ರಿಂಗು, ಕೆಲವು ಕನೆಕ್ಟರುಗಳಲ್ಲಿ ನಿಕ್ಕಲ್ ಇರುತ್ತದೆ. ತಂತಿಗಳ ದಾರಿಯೂ ಮುಖ್ಯ: ಸೌರಫಲಕದ ಅರ್ಧ ಆಂಪಿಯರ್ ಪ್ರವಾಹ 100 ಚದರ ಸೆಂಟಿಮೀಟರ್ ವಿಸ್ತೀರ್ಣದ ಕುಣಿಕೆಯನ್ನು ಸುತ್ತಿಬಂದರೆ 0.005 ಆಂಪಿಯರ್-ಚದರ ಮೀಟರ್ ಭ್ರಾಮಕ ಹುಟ್ಟುತ್ತದೆ, ಅದೂ ಬಿಸಿಲು ಬಿದ್ದಾಗ ಮಾತ್ರ. ಹೋಗುವ ಮತ್ತು ಮರಳುವ ತಂತಿಗಳನ್ನು ಹೊಸೆದು ಒಟ್ಟಿಗೆ ಒಯ್ಯಿರಿ; ಫಲಕದ ಹಿಂಬದಿಯಲ್ಲಿ ಮರಳುವ ಪ್ರವಾಹ ಬಂದ ದಾರಿಯ ಬೆನ್ನಲ್ಲೇ ಹೋಗುವಂತೆ ಮಾಡಿ. ಇದಕ್ಕೆ ತೂಕವೂ ಇಲ್ಲ, ಖರ್ಚೂ ಇಲ್ಲ. ಸಮಯಕ್ಕೆ ಯೋಚಿಸಿರಬೇಕು, ಅಷ್ಟೇ.

ಸುರುಳಿಯ ಸಾಮರ್ಥ್ಯ ಈ ಕಾಟಗಳ ಹತ್ತು ಪಟ್ಟಾದರೂ ಇರಲಿ. 0.2 ಆಂಪಿಯರ್-ಚದರ ಮೀಟರ್ ಗುರಿ ಇಟ್ಟುಕೊಂಡರೆ 30 ಮೈಕ್ರೊಟೆಸ್ಲಾದಲ್ಲಿ 6 × 10⁻⁶ ನ್ಯೂಟನ್-ಮೀಟರ್ ಸಿಗುತ್ತದೆ. ಈ ಗಾತ್ರದ ಉಪಗ್ರಹಕ್ಕೆ ಅದು ಹಿತವಾದ ಅಳತೆ.

ಹಂತ 3: ಸುರುಳಿಯನ್ನು ವಿನ್ಯಾಸ ಮಾಡಿ

ಭ್ರಾಮಕ = ಸುತ್ತುಗಳ ಸಂಖ್ಯೆ × ಪ್ರವಾಹ × ವಿಸ್ತೀರ್ಣ. ಸೂತ್ರ ನೋಡಿದ ಕೂಡಲೇ ಹೆಚ್ಚು ಸುತ್ತು ಹಾಕಿದರೆ ಹೆಚ್ಚು ಭ್ರಾಮಕ ಎಂದು ಎಲ್ಲರಿಗೂ ಅನ್ನಿಸುತ್ತದೆ. ವೋಲ್ಟೇಜು ನಿಗದಿಯಾಗಿದ್ದರೆ ಅದು ನಿಜವಲ್ಲ, ಮತ್ತು ಇದನ್ನು ಒಮ್ಮೆ ಕೈಯಾರೆ ಲೆಕ್ಕ ಮಾಡಿ ನೋಡುವುದು ಒಳ್ಳೆಯದು.

8 ಸೆಂಟಿಮೀಟರ್ ಸರಾಸರಿ ಬದಿಯ ಚೌಕಾಕಾರದ, ತಿರುಳಿಲ್ಲದ ಸುರುಳಿಯನ್ನು 0.2 ಮಿಲಿಮೀಟರ್ ವ್ಯಾಸದ ತಾಮ್ರದ ತಂತಿಯಲ್ಲಿ ಸುತ್ತುತ್ತೀರಿ ಎನ್ನೋಣ. ಆ ತಂತಿಯ ರೋಧ ಮೀಟರಿಗೆ 0.55 ಓಮ್, ಒಂದು ಸುತ್ತಿಗೆ 32 ಸೆಂಟಿಮೀಟರ್ ತಂತಿ ಬೇಕು, ಅಂದರೆ 0.175 ಓಮ್. 5 ವೋಲ್ಟ್ ಕೊಟ್ಟಾಗ ಸುತ್ತು ಮತ್ತು ಪ್ರವಾಹದ ಗುಣಲಬ್ಧ 5 ÷ 0.175, ಸುಮಾರು 28.6. ನೂರು ಸುತ್ತು ಹಾಕಿದರೂ ಅಷ್ಟೇ, ಐನೂರು ಹಾಕಿದರೂ ಅಷ್ಟೇ! ಸುತ್ತು ಹೆಚ್ಚಿದಷ್ಟೂ ರೋಧ ಹೆಚ್ಚಿ ಪ್ರವಾಹ ಇಳಿಯುತ್ತದೆ. ವಿಸ್ತೀರ್ಣ 0.0064 ಚದರ ಮೀಟರಿನಿಂದ ಗುಣಿಸಿದರೆ ಭ್ರಾಮಕ 0.18. ಹಾಗಾಗಿ ಭ್ರಾಮಕವನ್ನು ನಿರ್ಧರಿಸುವುದು ತಂತಿಯ ದಪ್ಪ ಮತ್ತು ಚೌಕಟ್ಟಿನ ಅಳತೆ. ಸುತ್ತುಗಳ ಸಂಖ್ಯೆ ನಿರ್ಧರಿಸುವುದು ವಿದ್ಯುತ್ ಬಳಕೆ ಮತ್ತು ತೂಕವನ್ನು. 300 ಸುತ್ತು ಹಾಕಿದರೆ 53 ಓಮ್, 95 ಮಿಲಿಆಂಪಿಯರ್, ಅರ್ಧ ವ್ಯಾಟ್‌ಗಿಂತ ತುಸು ಕಡಿಮೆ, 27 ಗ್ರಾಂ ತಾಮ್ರ. 150 ಸುತ್ತಾದರೆ ತೂಕ ಅರ್ಧ, ವಿದ್ಯುತ್ ಎರಡರಷ್ಟು.

ತಾಮ್ರದ ರೋಧ ಒಂದು ಡಿಗ್ರಿಗೆ ಶೇ 0.39ರಷ್ಟು ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ. 20 ಡಿಗ್ರಿಯಲ್ಲಿ ಅಳೆದ ಸುರುಳಿ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ರೋಧ ಶೇ 16ರಷ್ಟು ಹೆಚ್ಚಿ, ಭ್ರಾಮಕ ಶೇ 13ರಷ್ಟು ಇಳಿಯುತ್ತದೆ. ಸುರುಳಿಗೆ ವಿದ್ಯುತ್ ಕೊಡುವ ಚಾಲಕ ಮಂಡಲದಲ್ಲಿ ಪ್ರವಾಹ ಅಳೆಯುವ ವ್ಯವಸ್ಥೆ ಇದ್ದರೆ ಈ ತಲೆನೋವು ತಪ್ಪುತ್ತದೆ. ಸುರುಳಿ ತುಂಡಾಗಿದ್ದರೂ ಆಗಲೇ ತಿಳಿಯುತ್ತದೆ.

ಮೂರೂ ಅಕ್ಷಗಳಿಗೆ ಅಗಲವಾದ ಚೌಕಟ್ಟು ಹಿಡಿಸದಿದ್ದರೆ, ಎರಡು ಅಕ್ಷಗಳಿಗೆ ಪರ್ಮಲಾಯ್‌ನಂಥ ಮೃದು ಕಾಂತೀಯ ಲೋಹದ ತಿರುಳಿರುವ ಕಡ್ಡಿಗಳನ್ನು ಹಾಕುವುದು ರೂಢಿ. ಇಲ್ಲಿಯೂ ಒಂದು ಮೋಸವಿದೆ: ಲೋಹದ ಕಾಂತಪಾರಗಮ್ಯತೆ ಹತ್ತಾರು ಸಾವಿರ ಇದ್ದರೂ ಭ್ರಾಮಕ ಅಷ್ಟು ಪಟ್ಟು ಬೆಳೆಯುವುದಿಲ್ಲ. ಮೊಂಡು ಕಡ್ಡಿ ತನ್ನನ್ನು ತಾನೇ ವಿಕಾಂತಗೊಳಿಸಿಕೊಳ್ಳುತ್ತದೆ. 70 ಮಿಲಿಮೀಟರ್ ಉದ್ದ, 8 ಮಿಲಿಮೀಟರ್ ವ್ಯಾಸದ ಕಡ್ಡಿಗೆ ಸಿಗುವ ವರ್ಧನೆ ಸುಮಾರು 40 ಪಟ್ಟು ಮಾತ್ರ, ಲೋಹ ಎಷ್ಟೇ ಉತ್ತಮವಾಗಿರಲಿ. ಉದ್ದ ಮತ್ತು ವ್ಯಾಸದ ಅನುಪಾತ ಹೆಚ್ಚಿಸಿದರೆ ಮಾತ್ರ ಅದು ಬೆಳೆಯುತ್ತದೆ. ವಿದ್ಯುತ್ ತೀರಾ ಕಡಿಮೆ ಸಾಕಾಗುತ್ತದೆ ಎಂಬುದು ಕಡ್ಡಿಯ ಲಾಭ; ಪ್ರವಾಹ ನಿಲ್ಲಿಸಿದ ಮೇಲೂ ಚೂರು ಕಾಂತತ್ವ ಉಳಿದುಬಿಡುವುದು ನಷ್ಟ. ಜಾಗವಿದ್ದರೆ ನಾನು ತಿರುಳಿಲ್ಲದ ಸುರುಳಿಯನ್ನೇ ಆರಿಸುತ್ತೇನೆ. ಪ್ರವಾಹ ನಿಂತರೆ ಅದು ನಿಜಕ್ಕೂ ನಿಲ್ಲುತ್ತದೆ.

ಹಂತ 4: ಮ್ಯಾಗ್ನೆಟೋಮೀಟರ್ ಮತ್ತು ಸಮಯದ ಹಂಚಿಕೆ

ಸುರುಳಿ ಚಾಲೂ ಇರುವಾಗ ಪಕ್ಕದ ಮ್ಯಾಗ್ನೆಟೋಮೀಟರ್ (ಕಾಂತಕ್ಷೇತ್ರ ಅಳೆಯುವ ಸಂವೇದಕ) ಭೂಮಿಯನ್ನಲ್ಲ, ಸುರುಳಿಯನ್ನು ಅಳೆಯುತ್ತದೆ. ಆದ್ದರಿಂದ ಸರದಿ ಕಡ್ಡಾಯ. ಕ್ರಿಯೆ ಮತ್ತು ಅಳತೆಯ ಚಕ್ರ ಒಂದು ಸೆಕೆಂಡಿನದಾದರೆ ಮೊದಲ 0.7 ಸೆಕೆಂಡು ಸುರುಳಿಗೆ, ಆಮೇಲೆ 0.1 ಸೆಕೆಂಡು ಪ್ರವಾಹ ತಣಿಯಲು, ಉಳಿದದ್ದು ಅಳತೆಗೆ. ತಿರುಳಿಲ್ಲದ ಸುರುಳಿಯ ಪ್ರವಾಹ ಒಂದೆರಡು ಮಿಲಿಸೆಕೆಂಡಿನಲ್ಲಿ ಅಡಗುತ್ತದೆ. ತಿರುಳಿರುವ ಕಡ್ಡಿಗೆ ಹೆಚ್ಚು ಹೊತ್ತು ಬೇಕು. ನಿಮ್ಮದಕ್ಕೆ ಎಷ್ಟು ಬೇಕೆಂದು ಆಸಿಲೋಸ್ಕೋಪಿನಲ್ಲಿ ನೋಡಿ, ಅದರ ಮೂರು ಪಟ್ಟು ಬಿಡಿ.

ಸಂವೇದಕವನ್ನು ಬ್ಯಾಟರಿಯಿಂದಲೂ ವಿದ್ಯುತ್ ಫಲಕದಿಂದಲೂ ಆದಷ್ಟು ದೂರ ಇಡಿ. ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುವುದರಿಂದ ದೂರ ಎರಡರಷ್ಟಾದರೆ ಗದ್ದಲ ಎಂಟನೇ ಒಂದಾಗುತ್ತದೆ. ಬಿಚ್ಚಿಕೊಳ್ಳುವ ಸಣ್ಣ ತೋಳಿನ ತುದಿಯಲ್ಲಿ ಇಡುವವರಿದ್ದಾರೆ. ಆದರೆ ತೋಳು ಬಿಚ್ಚದಿದ್ದರೂ ನಡೆಯುವಂತೆ ಒಳಗೆ ಇನ್ನೊಂದು ಸಂವೇದಕ ಇರಲಿ.

ಸಂವೇದಕವನ್ನು ಶ್ರುತಿಗೂಡಿಸುವ, ಅಂದರೆ ಅದರ ದೋಷ ಅಳೆದು ಸರಿಪಡಿಸುವ, ವಿಧಾನ ಹೀಗೆ. ಜೋಡಣೆ ಮುಗಿದ ಉಪಗ್ರಹವನ್ನು ಎಲ್ಲ ದಿಕ್ಕುಗಳಿಗೂ ತಿರುಗಿಸುತ್ತಾ ನೂರಾರು ಅಳತೆಗಳನ್ನು ದಾಖಲಿಸಿ. ಸಂವೇದಕ ಪರಿಪೂರ್ಣವಾಗಿದ್ದರೆ ಬಿಂದುಗಳೆಲ್ಲ ಒಂದು ಗೋಳದ ಮೇಲೆ ಬೀಳಬೇಕು. ವಾಸ್ತವದಲ್ಲಿ ಅವು ಪಕ್ಕಕ್ಕೆ ಸರಿದ ಅಂಡಗೋಳದ ಮೇಲಿರುತ್ತವೆ. ಕೇಂದ್ರ ಸರಿದಷ್ಟು ಶಾಶ್ವತ ಪಕ್ಷಪಾತ. ಆಕಾರ ಕೆಟ್ಟಷ್ಟು ಅಕ್ಷಗಳ ಮಾಪಕ ದೋಷ ಮತ್ತು ಓರೆ. ಕನಿಷ್ಠ ವರ್ಗ ವಿಧಾನದಿಂದ ಅಂಡಗೋಳವನ್ನು ಹೊಂದಿಸಿ ಒಂಬತ್ತು ಸಂಖ್ಯೆಗಳನ್ನು ತೆಗೆಯಿರಿ. ಇದನ್ನು ಬ್ಯಾಟರಿ ಚಾರ್ಜ್ ಆಗುತ್ತಿರುವಾಗ ಒಮ್ಮೆ, ಆಗದಿರುವಾಗ ಒಮ್ಮೆ ಮಾಡಿ. ಎರಡರ ನಡುವೆ ಪಕ್ಷಪಾತ ಬದಲಾದರೆ ತಂತಿಗಳ ದಾರಿಯನ್ನು ಇನ್ನೊಮ್ಮೆ ನೋಡಬೇಕೆಂದು ಅರ್ಥ.

ಹಂತ 5: ಉರುಳಾಟ ನಿಲ್ಲಿಸಿ

ರಾಕೆಟ್ಟಿನಿಂದ ಬೇರ್ಪಟ್ಟ ಉಪಗ್ರಹ ಸೆಕೆಂಡಿಗೆ ಕೆಲವು ಡಿಗ್ರಿಗಳಿಂದ ಹತ್ತಾರು ಡಿಗ್ರಿಗಳ ವೇಗದಲ್ಲಿ ಉರುಳುತ್ತಿರುತ್ತದೆ. ಇದಕ್ಕೆ ಮದ್ದು ಬಿ-ಡಾಟ್ ನಿಯಮ. ಸ್ಟಿಕ್ಲರ್ ಮತ್ತು ಆಲ್‌ಫ್ರೆಂಡ್ 1976ರ ಪ್ರಬಂಧದಲ್ಲಿ ವಿವರಿಸಿದ ಇದು ಇಂದಿಗೂ ಬಹುತೇಕ ಹಾಗೆಯೇ ಬಳಕೆಯಲ್ಲಿದೆ: ಅಳೆದ ಕ್ಷೇತ್ರ ಎಷ್ಟು ವೇಗವಾಗಿ ಬದಲಾಗುತ್ತಿದೆಯೋ ಅದರ ವಿರುದ್ಧ ದಿಕ್ಕಿಗೆ ಭ್ರಾಮಕ ಕೊಡಿ. ಜೈರೊಸ್ಕೋಪ್ ಬೇಡ, ಕಕ್ಷೆಯಲ್ಲಿ ಎಲ್ಲಿದ್ದೇವೆಂಬ ಅರಿವೂ ಬೇಡ.

ಇದು ಯಾಕೆ ಇಷ್ಟು ಗಟ್ಟಿ ಎಂಬುದಕ್ಕೆ ಚಂದದ ಕಾರಣವಿದೆ. ವೇಗದ ಉರುಳಾಟದಲ್ಲಿ ಚಲನಶಕ್ತಿ ಬದಲಾಗುವ ದರ, ಭ್ರಾಮಕ ಮತ್ತು ಕ್ಷೇತ್ರ ಬದಲಾವಣೆಯ ದರಗಳ ಅದಿಶ ಗುಣಲಬ್ಧಕ್ಕೆ ಸಮ. ಪ್ರತಿ ಅಕ್ಷದಲ್ಲೂ ಚಿಹ್ನೆ ವಿರುದ್ಧವಾಗಿದ್ದರೆ ಸಾಕು, ಮೊತ್ತ ಋಣಾತ್ಮಕ. ಸುರುಳಿ ತನ್ನ ಮಿತಿ ಮುಟ್ಟಿ ಕತ್ತರಿಸಿಕೊಂಡರೂ, ಬರೀ ಪೂರ್ತಿ ಹಾಕು–ಪೂರ್ತಿ ತೆಗೆ ಎನ್ನುವ ಒರಟು ಚಾಲಕವಿದ್ದರೂ, ಶಕ್ತಿ ಇಳಿಯುತ್ತಲೇ ಹೋಗುತ್ತದೆ.

ಕ್ಷೇತ್ರ ಬದಲಾಗುವ ದರವನ್ನು ಎಷ್ಟರಿಂದ ಗುಣಿಸಿ ಭ್ರಾಮಕ ಕೊಡಬೇಕೆಂಬ ಗುಣಾಂಕಕ್ಕೆ ಸಂಶೋಧಕರಾದ ಅವಾಂಜಿನಿ ಮತ್ತು ಜ್ಯೂಲಿಯೆಟ್ಟಿ ಕೊಟ್ಟ ಅಂದಾಜು ಕೈಗೆ ಬರುತ್ತದೆ: 2 × ಕಕ್ಷಾ ಕೋನೀಯ ವೇಗ × (1 + ಭೂಕಾಂತೀಯ ಸಮಭಾಜಕಕ್ಕೆ ಕಕ್ಷೆಯ ಓರೆಯ ಸೈನ್) × ಅತಿ ಕಡಿಮೆ ಜಡತ್ವ ಭ್ರಾಮಕ. ನಮ್ಮ ಉಪಗ್ರಹಕ್ಕೆ ಧ್ರುವೀಯ ಕಕ್ಷೆಯಲ್ಲಿ ಇದು 2.9 × 10⁻⁵. ಕ್ಷೇತ್ರದ ವರ್ಗದಿಂದ ಭಾಗಿಸಿದರೆ ಬಿ-ಡಾಟ್ ಗುಣಾಂಕ ಸುಮಾರು 32,000. ಸೆಕೆಂಡಿಗೆ 10 ಡಿಗ್ರಿ ಉರುಳುವಾಗ ಕ್ಷೇತ್ರ ಸೆಕೆಂಡಿಗೆ 5 ಮೈಕ್ರೊಟೆಸ್ಲಾದಷ್ಟು ಬದಲಾಗುವುದರಿಂದ ಬೇಕಾಗುವ ಭ್ರಾಮಕ 0.17. ನಮ್ಮ ಸುರುಳಿ ಅಷ್ಟನ್ನು ಕೊಡಬಲ್ಲದು, ಲೆಕ್ಕ ಹೊಂದಿತು. ಈ ಸ್ಥಿತಿಯಿಂದ ಕಕ್ಷೆಯ ಕೆಲವೇ ಸುತ್ತುಗಳಲ್ಲಿ ಉಪಗ್ರಹ ಶಾಂತವಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಧ್ರುವೀಯ ಕಕ್ಷೆಯಲ್ಲಿ ಕ್ಷೇತ್ರವನ್ನೇ ಹಿಂಬಾಲಿಸುತ್ತಾ ಕಕ್ಷಾ ವೇಗದ ಎರಡರಷ್ಟು, ಸೆಕೆಂಡಿಗೆ ಸುಮಾರು 0.13 ಡಿಗ್ರಿ ತಿರುಗುತ್ತಿರುತ್ತದೆ. ಅದು ದೋಷವಲ್ಲ.

ಈಗ ಅಪಾಯದ ಮಾತು. ಒಂದು ಸೆಕೆಂಡಿನ ಅಂತರದ ಎರಡು ಅಳತೆಗಳ ವ್ಯತ್ಯಾಸ ಹೇಳುವುದು ಅರ್ಧ ಸೆಕೆಂಡಿನ ಹಿಂದಿನ ಸ್ಥಿತಿಯನ್ನು. ಅದನ್ನು ಆಧರಿಸಿದ ಭ್ರಾಮಕ ಮುಂದಿನ ಸೆಕೆಂಡಿನುದ್ದಕ್ಕೂ ಇರುತ್ತದೆ, ಸರಾಸರಿ ಇನ್ನರ್ಧ ಸೆಕೆಂಡು ತಡ. ಒಟ್ಟು ವಿಳಂಬ ಒಂದು ಸೆಕೆಂಡು. ಉಪಗ್ರಹ ಸೆಕೆಂಡಿಗೆ 90 ಡಿಗ್ರಿ ತಿರುಗುತ್ತಿದ್ದರೆ ಆ ವಿಳಂಬದಲ್ಲಿ ಕಾಲು ಸುತ್ತು ತಿರುಗಿರುತ್ತದೆ. ತಡೆಯುವ ಟಾರ್ಕ್ ಶೂನ್ಯ. ಅದಕ್ಕಿಂತ ವೇಗವಿದ್ದರೆ ತಡೆಯಬೇಕಾದ ನಿಯಮವೇ ತಳ್ಳತೊಡಗುತ್ತದೆ. ಬ್ಯಾಟರಿ ಉಳಿಸಲೆಂದು ಚಕ್ರವನ್ನು ಐದು ಸೆಕೆಂಡಿಗೆ ಏರಿಸಿದರೆ ಈ ಗಡಿ 18 ಡಿಗ್ರಿಗೆ ಕುಸಿಯುತ್ತದೆ. ನಿಮ್ಮ ಚಕ್ರದ ಅವಧಿಯನ್ನು ಇಳಿಸಬಲ್ಲ ಆದೇಶವೊಂದು ಭೂಕೇಂದ್ರದಿಂದ ಕಳುಹಿಸುವಂತಿರಲಿ.

ಹಂತ 6: ದಿಕ್ಕು ಹಿಡಿಯಿರಿ

ನಿಯಂತ್ರಕ ಯಾವುದೇ ಇರಲಿ, ಅದು ಕೇಳುವ ಟಾರ್ಕನ್ನು ಭ್ರಾಮಕವಾಗಿ ಬದಲಿಸುವ ಸೂತ್ರ ಒಂದೇ: ಕ್ಷೇತ್ರ ಮತ್ತು ಬೇಕಾದ ಟಾರ್ಕ್‌ನ ಸದಿಶ ಗುಣಲಬ್ಧವನ್ನು, ಅದೇ ಕ್ರಮದಲ್ಲಿ, ಕ್ಷೇತ್ರದ ವರ್ಗದಿಂದ ಭಾಗಿಸಿ. ಕ್ರಮ ತಿರುವುಮುರುವಾದರೆ ಚಿಹ್ನೆ ಉಲ್ಟಾ. ಇಲ್ಲಿ ಮಿತಿ ಮೀರಿದಾಗ ಒಂದೇ ಅಕ್ಷವನ್ನು ಕತ್ತರಿಸಬೇಡಿ; ಮೂರನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸಿ, ಇಲ್ಲವಾದರೆ ಟಾರ್ಕ್‌ನ ದಿಕ್ಕೇ ಬದಲಾಗುತ್ತದೆ.

ಸುರುಳಿಗಳಿಂದಲೇ ಮೂರೂ ಅಕ್ಷಗಳನ್ನು ಹಿಡಿಯಲು ಹೊರಟರೆ ಅವಸರ ಬೇಡ. ಕೈಗೆ ಸಿಗದ ಅಕ್ಷ ಸಿಗುವುದಕ್ಕೆ ಕಕ್ಷೆಯ ಕಾಲು ಸುತ್ತು ಕಾಯಬೇಕಾದ ವ್ಯವಸ್ಥೆಗೆ ವೇಗದ ನಿಯಂತ್ರಕ ಹಾಕಿದರೆ ಅದು ಅಸ್ಥಿರವಾಗುತ್ತದೆ. ನಿರೀಕ್ಷಿಸಬಹುದಾದ ನಿಖರತೆ ಕೆಲವು ಡಿಗ್ರಿಗಳು. ಕ್ಯಾಮೆರಾ ಗುರಿ ಇಡಬೇಕಾದರೆ ರಿಯಾಕ್ಷನ್ ವೀಲ್‌ಗಳನ್ನು ಹಾಕಿ. ಆಗ ಸುರುಳಿಗಳ ಕೆಲಸ ಚಕ್ರಗಳಲ್ಲಿ ಸೇರಿಕೊಳ್ಳುವ ಕೋನೀಯ ಸಂವೇಗವನ್ನು ಹೊರಹಾಕುವುದು. ಬೇಕಾದ ಟಾರ್ಕ್ ಎಂದರೆ ಆ ಸಂವೇಗದ ವಿರುದ್ಧದ್ದು, ಮೇಲಿನ ಸೂತ್ರಕ್ಕೇ ಅದನ್ನು ಕೊಡಿ.

ಹಂತ 7: ನೆಲದ ಮೇಲೆ ಚಿಹ್ನೆ ಪರೀಕ್ಷಿಸಿ

ಎಲ್ಲಕ್ಕಿಂತ ಮುಖ್ಯ ಹಂತ ಇದು. ಸುರುಳಿ ಸುತ್ತಿದ ದಿಕ್ಕು, ಕನೆಕ್ಟರಿನ ಪಿನ್ನುಗಳು, ಚಾಲಕ ಮಂಡಲ, ಸಂವೇದಕದ ಅಕ್ಷಗಳು, ಪ್ರೋಗ್ರಾಂ: ಚಿಹ್ನೆ ತಿರುಗಲು ಐದು ಜಾಗಗಳಿವೆ. ಎರಡು ಕಡೆ ತಿರುಗಿದರೆ ಒಂದನ್ನೊಂದು ಮುಚ್ಚಿಹಾಕುತ್ತವೆ, ಯಾರೋ ಒಂದನ್ನು ಸರಿಪಡಿಸಿದ ದಿನ ಇನ್ನೊಂದು ಹೊರಬರುತ್ತದೆ. ಕಾಗದದ ಮೇಲಿನ ಪರಿಶೀಲನೆಯನ್ನು ನಂಬಬೇಡಿ. ಪೂರ್ತಿ ಜೋಡಿಸಿದ ಉಪಗ್ರಹದ ಮೇಲೆ ಎರಡು ಪರೀಕ್ಷೆ ಮಾಡಿ.

ಮೊದಲನೆಯದಕ್ಕೆ ದಿಕ್ಸೂಚಿ ಸಾಕು. ಎಕ್ಸ್ ಅಕ್ಷಕ್ಕೆ ಪೂರ್ತಿ ಧನ ಭ್ರಾಮಕದ ಆದೇಶ ಕೊಟ್ಟು, ದಿಕ್ಸೂಚಿಯನ್ನು ಧನ ಎಕ್ಸ್ ಮುಖದ ಎದುರು ಹಿಡಿಯಿರಿ. ಮುಳ್ಳಿನ ಉತ್ತರ ತುದಿ ಉಪಗ್ರಹದಿಂದ ಆಚೆಗೆ ತೋರಿಸಬೇಕು. ಸುರುಳಿಯ ನಡುವಿನಿಂದ 10 ಸೆಂಟಿಮೀಟರ್ ದೂರದಲ್ಲಿ ಕ್ಷೇತ್ರ ಸುಮಾರು 30 ಮೈಕ್ರೊಟೆಸ್ಲಾ ಇರುತ್ತದೆ, ಮುಳ್ಳು ಸ್ಪಷ್ಟವಾಗಿ ಹೊರಳುತ್ತದೆ. 30 ಸೆಂಟಿಮೀಟರ್‌ನಲ್ಲಿ 1.5 ಮಾತ್ರ, ಏನೂ ಕಾಣದು. ಮುಖದ ಎದುರಿಗೇ ಹಿಡಿಯಿರಿ, ಪಕ್ಕದಲ್ಲಿ ಹಿಡಿದರೆ ದಿಕ್ಕು ಉಲ್ಟಾ ಕಾಣುತ್ತದೆ.

ಎರಡನೆಯದು ಇಡೀ ಸರಣಿಗೆ. ಝಡ್ ಅಕ್ಷ ಮೇಲ್ಮುಖವಾಗಿರುವಂತೆ ಉಪಗ್ರಹವನ್ನು ತಿರುಗುಮಣೆಯ ಮೇಲಿಟ್ಟು ಬಿ-ಡಾಟ್ ಚಾಲೂ ಮಾಡಿ. ಮೇಲಿನಿಂದ ನೋಡಿದಾಗ ಗಡಿಯಾರದ ವಿರುದ್ಧ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಎಕ್ಸ್ ಮುಖ ಉತ್ತರವನ್ನು ದಾಟುವ ಕ್ಷಣದಲ್ಲಿ ವೈ ಸಂವೇದಕದ ಅಳತೆ ಇಳಿಯುತ್ತಿರಬೇಕು, ವೈ ಸುರುಳಿಗೆ ಧನ ಆದೇಶ ಹೋಗಬೇಕು, ಧನ ವೈ ಮುಖದ ಎದುರಿನ ದಿಕ್ಸೂಚಿ ಆಚೆಗೆ ಹೊರಳಬೇಕು. ಈ ಮೂರೂ ಕಂಡರೆ ಟಾರ್ಕ್ ತಿರುಗುವಿಕೆಯನ್ನು ತಡೆಯುತ್ತಿದೆ. ಉಳಿದೆರಡು ಅಕ್ಷಗಳಿಗೂ ಇದನ್ನೇ ಮಾಡಿ, ಚಿತ್ರೀಕರಿಸಿ ಇಟ್ಟುಕೊಳ್ಳಿ.

ಉಳಿಕೆ ಭ್ರಾಮಕ ಅಳೆಯುವುದೂ ಈಗಲೇ. ಉತ್ತಮ ಮ್ಯಾಗ್ನೆಟೋಮೀಟರನ್ನು 40 ಸೆಂಟಿಮೀಟರ್ ದೂರದಲ್ಲಿ ಸ್ಥಿರವಾಗಿಟ್ಟು, ಉಪಗ್ರಹವನ್ನು ಅರ್ಧ ಸುತ್ತು ತಿರುಗಿಸಿ ಅಳತೆಯ ವ್ಯತ್ಯಾಸ ನೋಡಿ. 0.01 ಆಂಪಿಯರ್-ಚದರ ಮೀಟರ್ ಭ್ರಾಮಕಕ್ಕೆ 60 ನ್ಯಾನೊಟೆಸ್ಲಾದಷ್ಟು ವ್ಯತ್ಯಾಸ ಬರುತ್ತದೆ. ಲಿಫ್ಟು, ವಾಹನಗಳ ಓಡಾಟ ನಿಂತ ರಾತ್ರಿ ಹೊತ್ತಿನಲ್ಲಿ, ಹಲವು ಬಾರಿ ತಿರುಗಿಸಿ ಸರಾಸರಿ ತೆಗೆದರೆ ಇದು ಸಿಗುತ್ತದೆ. ಹೆಚ್ಚು ಬಂದರೆ ಪುಟ್ಟ ಅಯಸ್ಕಾಂತದ ಚೂರೊಂದನ್ನು ವಿರುದ್ಧವಾಗಿ ಅಂಟಿಸಿ ಸರಿದೂಗಿಸಬಹುದು, ಅಥವಾ ಸುರುಳಿಗೇ ಆ ಮೌಲ್ಯವನ್ನು ಸ್ಥಿರವಾಗಿ ಸೇರಿಸಬಹುದು. ಹೆಲ್ಮ್‌ಹೋಲ್ಟ್ಸ್ ಪಂಜರವಿದ್ದರೆ (ಎದುರುಬದುರಾದ ಸುರುಳಿ ಜೋಡಿಗಳ ಚೌಕಟ್ಟು) ಭೂಕ್ಷೇತ್ರವನ್ನು ಅಳಿಸಿ ಇನ್ನೂ ಶುದ್ಧವಾಗಿ ಅಳೆಯಬಹುದು. ಚೌಕ ಸುರುಳಿಗಳಿಂದ ಪಂಜರ ಕಟ್ಟುವವರು ಜೋಡಿಯ ನಡುವೆ ಬದಿಯ 0.5445ರಷ್ಟು ಅಂತರ ಇಡಬೇಕು.

ಹಂತ 8: ಕಕ್ಷೆಯ ಮೊದಲ ದಿನ

ಸುರುಳಿಗಳನ್ನು ತಾನಾಗಿಯೇ ಚಾಲೂ ಆಗಲು ಬಿಡದೆ ಮೊದಲು ಮ್ಯಾಗ್ನೆಟೋಮೀಟರಿನ ಕಚ್ಚಾ ಅಳತೆಗಳನ್ನು ಇಳಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ, ವಿದ್ಯುತ್ ಪರಿಸ್ಥಿತಿ ಅನುಮತಿಸಿದರೆ. ಅಳತೆಯ ಪ್ರಮಾಣವನ್ನು ಆ ಸ್ಥಾನದ ಮಾದರಿ ಮೌಲ್ಯದ ಪಕ್ಕದಲ್ಲಿಟ್ಟು ನೋಡಿ. ಭಂಗಿ ತಿಳಿಯದಿದ್ದರೂ ಪ್ರಮಾಣ ಹೊಂದಬೇಕು. ಹೊಂದದಿದ್ದರೆ ಅದೇ ದತ್ತಾಂಶದಿಂದ ಅಂಡಗೋಳದ ಲೆಕ್ಕವನ್ನು ಮತ್ತೆ ಮಾಡಿ ಹೊಸ ಸಂಖ್ಯೆಗಳನ್ನು ಮೇಲಕ್ಕೆ ಕಳುಹಿಸಿ.

ಬಿ-ಡಾಟ್ ಚಾಲೂ ಮಾಡಿದ ಮೇಲೆ ಕಕ್ಷೆಯ ಒಂದು ಪೂರ್ತಿ ಸುತ್ತು ಕಾಯಿರಿ. ವೇಗ ಇಳಿದಿದ್ದರೆ ಮುಂದುವರಿಸಿ. ಏರಿದ್ದರೆ ಕೂಡಲೇ ನಿಲ್ಲಿಸಿ, ಸೌರಫಲಕಗಳ ಪ್ರವಾಹದ ಏರಿಳಿತದಿಂದ ತಿರುಗುವ ವೇಗವನ್ನು ಸ್ವತಂತ್ರವಾಗಿ ಲೆಕ್ಕ ಹಾಕಿ. ವೇಗ ವಿಳಂಬದ ಗಡಿಯನ್ನು ದಾಟಿದೆಯೇ, ಅಥವಾ ಒಂದು ಅಕ್ಷದ ಚಿಹ್ನೆ ತಿರುಗಿದೆಯೇ ಎಂದು ತಿಳಿಯಲು ಒಂದೊಂದೇ ಸುರುಳಿಯನ್ನು ಸರದಿಯಲ್ಲಿ ಓಡಿಸಿ ನೋಡಿ. ಇದಕ್ಕಾಗಿ ಪ್ರತಿ ಅಕ್ಷದ ಚಿಹ್ನೆ, ಗುಣಾಂಕ, ಚಕ್ರದ ಅವಧಿ, ಮತ್ತು ಆ ಅಕ್ಷವನ್ನು ಪೂರ್ತಿ ನಿಲ್ಲಿಸುವ ಗುಂಡಿ ಇವು ನಾಲ್ಕೂ ಪ್ರೋಗ್ರಾಂ ಬದಲಿಸದೆ ಭೂಕೇಂದ್ರದಿಂದ ತಿದ್ದುವಂತಿರಬೇಕು.